ಗಾಜಿಗೆ ಉಸಿರೂದಿ ಗೋಡೆ ಕಾಯುವವಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಸ್ತಮಾತ ಕೋಟೆಗೋಡೆಗೆ ಮುಖ ಆನಿಸಿಕೊಂಡು ನಿಂತಿದ್ದಾರೆ. ದೂರದಿಂದ ನೋಡಿದವರು ಈಕೆ ಕಲ್ಲಿಗೆ ಮುತ್ತಿಡುತ್ತಿದ್ದಾಳೆ ಅಂದುಕೊಳ್ಳಬೇಕು, ಹಾಗೆ. ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾರೆ. ಆಮೇಲೆ ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಪುಸ್ತಕದಲ್ಲಿ ‘ಸರಿ’ ಎಂದು ಬರೆದು ಮುಂದಿನ ಬಿರುಕಿಗೆ ಹೋಗುತ್ತಾರೆ.

ಬಿರುಕಿನ ಮೇಲೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿಯನ್ನು ಅವರು ನೋಡುತ್ತಿರುವುದು. ಬೆರಳಿನಷ್ಟು ಉದ್ದ, ಉಗುರಿನಷ್ಟು ತೆಳು. ಎರಡು ತುದಿಗೂ ಜಿಪ್ಸಮ್ ಮೆತ್ತಿ ಬಿರುಕಿನ ಆಚೆಗೊಂದು ಈಚೆಗೊಂದು ಕಲ್ಲಿಗೆ ಕೂರಿಸಿರುತ್ತಾರೆ. ಗಾಜಿಗೆ ಬಾಗಲು ಬರುವುದಿಲ್ಲ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ಒಡೆಯುತ್ತದೆ. ಇಲ್ಲಿಯವರು ಇವಕ್ಕೆ ಸಾಕ್ಷಿಗಳು ಎನ್ನುತ್ತಾರೆ. ವಿಗ್ಲಿತ್ಸ ಎಂಬ ಗ್ರೀಕ್ ಊರಿನ ಕಾಸ್ತ್ರೊ ಬೆಟ್ಟದ ಸುತ್ತುಗೋಡೆಯಲ್ಲಿ ಇಂಥ ಮೂವತ್ತೊಂದು ಸಾಕ್ಷಿಗಳಿವೆ. ಸೂಕ್ಷ್ಮವಾಗಿ ಸೀಳಿದ ಗಾಜು ಬರಿಗಣ್ಣಿಗೆ ಇಡಿಯಾಗಿಯೇ ಕಾಣುತ್ತದೆ. ಬೆಳಗಿನ ಚಳಿಗೆ ತಣ್ಣಗಾದ ಗಾಜಿನ ಮೇಲೆ ಉಸಿರೂದಿದರೆ ಮಾತ್ರ ಮಂಜು ಕಟ್ಟಿ, ಸೀಳಿನ ಗೆರೆ ಎದ್ದು ಬರುತ್ತದೆ. ಬಿಸಿಲು ಏರಿ ಗಾಜು ಬೆಚ್ಚಗಾದರೆ ಉಸಿರು ನಿಲ್ಲುವುದಿಲ್ಲ. ಹಾಗಾಗಿ ಸ್ತಮಾತ ಕಳೆದ ಹದಿನೈದು ವರ್ಷಗಳಲ್ಲಿ ಸೂರ್ಯನಿಗಿಂತ ತಡವಾಗಿ ಎದ್ದ ದಿನಗಳನ್ನು ಕೈಬೆರಳಲ್ಲಿ ಎಣಿಸಬಹುದು.

"ಇದನ್ನ ಯಾರೂ ಹೇಳಿಕೊಟ್ಟಿಲ್ಲ," ಎನ್ನುತ್ತಾರೆ. "ಕನ್ನಡಕ ಒರಸ್ಕೊಳ್ಳೋವಾಗ ಗೊತ್ತಾಯ್ತು. ಪುರಾತತ್ವ ಇಲಾಖೆಯವರು ಭೂತಗನ್ನಡಿ ಕೊಟ್ಟಿದ್ರು. ನನ್ ಬಾಯೇ ಅದಕ್ಕಿಂತ ಚೆನ್ನಾಗಿ ನೋಡತ್ತೆ."

ಇವತ್ತು ಪವಿತ್ರ ವಾರದ ಸೋಮವಾರ. ಮುಂದಿನ ಭಾನುವಾರ ಈಸ್ಟರ್. ಒಂದರಿಂದ ಹದಿನಾರರವರೆಗೆ ಎಲ್ಲ ಸರಿ. ಹದಿನೇಳು, ಹದಿನೆಂಟು, ಹತ್ತೊಂಬತ್ತು ಇರುವುದು ಕೋಟೆಯ ಬುಡದ ಓಣಿಯಲ್ಲಿ, ಗರಿಫಾಲ್ಯ ಅಜ್ಜಿಯ ಹಿತ್ತಲಿನಲ್ಲಿ. ಅಜ್ಜಿಯ ಅಡುಗೆಮನೆಗೆ ಹಿಂಗೋಡೆಯೆಂದು ಬೇರೆ ಇಲ್ಲ. ಕೋಟೆಗೋಡೆಯೇ ಹಿಂಗೋಡೆ. ಸ್ತಮಾತ ಹಿತ್ತಲಿನ ಮರದ ಬಾಗಿಲು ತಳ್ಳಿ ಒಳಗೆ ಹೋಗುತ್ತಾರೆ. ಅಲ್ಲಿಯೇ ನಿಂತುಬಿಡುತ್ತಾರೆ.

ಗೋಡೆ ಹಾಲಿನಷ್ಟು ಬಿಳಿಯಾಗಿದೆ. ನೆಲದಿಂದ ಎರಡಾಳೆತ್ತರದವರೆಗೆ ಒಂದು ಕಲ್ಲೂ ಕಾಣುವುದಿಲ್ಲ, ಬಿರುಕೂ ಕಾಣುವುದಿಲ್ಲ, ಗಾಜೂ ಕಾಣುವುದಿಲ್ಲ. ಮೂಲೆಯಲ್ಲಿ ಉದ್ದನೆಯ ಕೋಲಿಗೆ ಕಟ್ಟಿದ ಸುಣ್ಣದ ಕುಂಚ ಒರಗಿಕೊಂಡಿದೆ.

"ಅಜ್ಜೀ, ಇದೇನ್ ಮಾಡಿಟ್ಟಿದೀಯ?"

ಎಂಬತ್ತೊಂದರ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾಳೆ. "ಏನ್ ಮಾಡಿದೀನಿ? ಸುಣ್ಣ ಹೊಡ್ದಿದೀನಿ. ಸ್ವಾಮಿ ಸಮಾಧಿಯಿಂದ ಎದ್ದು ಬರೋವಾಗ ನನ್ ಗೋಡೆ ಗಲೀಜಾಗಿರ್ಬೇಕಾ?"

"ನೀನು ಹೊಡಿಯೋದು ಬುಧವಾರ ಅಲ್ವಾ ಯಾವಾಗ್ಲೂ?"

"ಬುಧವಾರದ ತನಕ ಮೊಣಕಾಲು ಮಾತು ಕೇಳತ್ತೋ ಇಲ್ವೋ. ಶನಿವಾರ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ ಹೊಡ್ದೆ."

"ಮತ್ತೆ ಗಾಜು?"

"ಯಾವ ಗಾಜು?" ಎಂದ ಅಜ್ಜಿ ಮೂಲೆಯ ಕುಂಚದ ಕಡೆ ನೋಡುತ್ತಾಳೆ. "ನೀನ್ ಕೆಂಪು ಬಟ್ಟೆ ಕಟ್ಟಿರ್ಲಿಲ್ಲ," ಎನ್ನುತ್ತಾಳೆ ಆಮೇಲೆ, ತಪ್ಪು ಸ್ತಮಾತರದ್ದೇ ಎಂಬಂತೆ.

ಅದೂ ನಿಜವೇ. ವಿಗ್ಲಿತ್ಸ ಊರಿನಲ್ಲಿ ಈಸ್ಟರ್ ಹಿಂದಿನ ವಾರ ಸುಣ್ಣ ಕಾಣದ ವಸ್ತು ಉಳಿಯುವುದಿಲ್ಲ. ಮೆಟ್ಟಿಲಿಗೆ ಸುಣ್ಣ, ನಿಂಬೆಗಿಡದ ಬುಡಕ್ಕೆ ಸುಣ್ಣ, ತುಳಸಿ ನೆಟ್ಟ ಎಣ್ಣೆಡಬ್ಬಕ್ಕೆ ಸುಣ್ಣ. ನಿಂತಲ್ಲೇ ನಿಂತಿದ್ದರೆ ನಿನಗೂ ಒಂದು ಕೈ ಬಳಿದುಬಿಡುತ್ತಾರೆ ಎಂದು ಗಂಡಸರು ತಮಾಷೆ ಮಾಡಿಕೊಂಡು ಕಾಫಿ ಅಂಗಡಿ ಸೇರಿಕೊಳ್ಳುತ್ತಾರೆ. ಅದು ಗೊತ್ತಿದ್ದೇ ಸ್ತಮಾತ ಪ್ರತಿ ವರ್ಷ ಮಂಗಳವಾರ ಸಂಜೆ ಬಂದು ಮೂರೂ ಗಾಜಿನ ಪಕ್ಕ ಮೊಳೆಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಅಜ್ಜಿ ಬಟ್ಟೆಯ ಸುತ್ತ ಅಂಗೈಯಗಲ ಬಿಟ್ಟು ಬಳಿಯುತ್ತಿದ್ದಳು. ಈ ಸಲ ಅಜ್ಜಿಯ ಮೊಣಕಾಲು ನಾಲ್ಕು ದಿನ ಮುಂಚೆ ಹೊರಟುಬಿಟ್ಟಿತು.

ಅದರ ಮೇಲೆ, ಭಾನುವಾರ ಸ್ತಮಾತ ಊರಿನಲ್ಲಿರಲಿಲ್ಲ. ನಾದಿನಿಯ ಗಂಡ ತೀರಿಹೋದ ನಲವತ್ತನೆಯ ದಿನದ ಪ್ರಾರ್ಥನೆಗೆ ಹೋಗಿದ್ದರು. ನಾಲ್ಕು ತಿಂಗಳಲ್ಲಿ ಅವರು ತಪ್ಪಿಸಿದ ಒಂದೇ ಒಂದು ಬೆಳಗು ಅದು.

ಸ್ತಮಾತರಿಗೆ ಈಗ ಐವತ್ತಾರು. ಹುಟ್ಟಿದ್ದು ಇದೇ ಓಣಿಯಲ್ಲಿ. ತಾಯಿ ಮೇಕೆ ಕಟ್ಟುತ್ತಿದ್ದುದು ರೋಮನ್ನರ ಕಾಲದ ಇಟ್ಟಿಗೆಯ ಕಮಾನಿನ ಕೆಳಗೆ. ಆರನೆಯ ತರಗತಿಗೆ ಶಾಲೆ ಬಿಟ್ಟು, ಹದಿನೆಂಟು ವರ್ಷ ತಂಬಾಕು ಗೋದಾಮಿನಲ್ಲಿ ಎಲೆ ವಿಂಗಡಿಸಿದರು. ಗೋದಾಮು ಮುಚ್ಚಿದಾಗ ಬೆಟ್ಟದ ಮೇಲೆ ಹುಲ್ಲು ಕೀಳುವ ಕೆಲಸ ಸಿಕ್ಕಿತು. ಹುಲ್ಲು ಕೀಳುತ್ತ ಕೀಳುತ್ತ ಯಾವ ಕಲ್ಲು ಎಲ್ಲಿದೆ, ಯಾವುದರ ಸಂದಿಯಲ್ಲಿ ಅಂಜೂರದ ಬೇರು ನುಗ್ಗುತ್ತಿದೆ ಎಂಬುದೆಲ್ಲ ಬಾಯಿಪಾಠವಾಯಿತು. ನಾಲ್ಕು ವರ್ಷದ ನಂತರ ಇಲಾಖೆ ಕಾವಲುಗಾರ್ತಿ ಎಂದು ಹೆಸರು ಬದಲಿಸಿ, ಒಂದು ಟೋಪಿ ಮತ್ತು ಸೀಟಿ ಕೊಟ್ಟಿತು. ಸೀಟಿಯನ್ನು ಅವರು ಊದಿದ್ದು ಕಡಿಮೆ.

ಬೆಟ್ಟದ ನೆತ್ತಿಯಲ್ಲಿ ಅಥೇನಾ ದೇವಿಯ ಗುಡಿಯ ನೆಲಗಟ್ಟು, ಎರಡೂವರೆ ಕಂಬ. ಅದೇ ಕಲ್ಲುಗಳನ್ನು ಎತ್ತಿಕೊಂಡು ನಂತರದವರು ಕಟ್ಟಿದ ಮಾತೆ ಮರಿಯಳ ಪುಟ್ಟ ಗುಡಿ. ಸುತ್ತ ಗೋಡೆ. ಗೋಡೆಯ ಕೆಳಗಿನ ಸಾಲುಗಳು ಗ್ರೀಕರವು. ಗಾರೆಯಿಲ್ಲದೆ ಒಂದಕ್ಕೊಂದು ಕೊರೆದು ಕೂರಿಸಿದ ದೊಡ್ಡ ಕಲ್ಲುಗಳು. ಅವುಗಳ ಮೇಲೆ ರೋಮನ್ನರು ಸುಣ್ಣ, ಇಟ್ಟಿಗೆ, ಪುಡಿಗಲ್ಲು ತುಂಬಿ ತೇಪೆ ಹಾಕಿದ್ದಾರೆ. "ಅತ್ತೆ ಹೊಲಿದಿದ್ದು ಗಟ್ಟಿ, ಸೊಸೆ ಹಾಕಿದ ತೇಪೆ ಬಿಚ್ಕೊಳ್ತಿದೆ," ಎಂದು ಸ್ತಮಾತ ನೋಡಲು ಬಂದವರಿಗೆ ಹೇಳುವುದುಂಟು. ದಿನಕ್ಕೆ ಬರುವವರು ಎಂಟೋ ಹತ್ತೋ ಜನ. ಹತ್ತುವ ಮೆಟ್ಟಿಲು ಇನ್ನೂರ ಹನ್ನೆರಡು. ಅವರು ದಿನಕ್ಕೆ ಮೂರು ಸಲ ಹತ್ತಿಳಿಯುತ್ತಾರೆ. ಸಂಜೆ ಮೊಣಕಾಲಿಗೆ ಗಂಡ ಅರ್ಗಿರಿಸ್ ದ್ರಾಕ್ಷಿ ಸಾರಾಯಿ ತಿಕ್ಕಿಕೊಡುತ್ತಾರೆ. "ಗೋಡೆಗೆ ತೋರಿಸೋ ಪ್ರೀತೀಲಿ ಕಾಲುಭಾಗ ನನಗೆ ತೋರಿಸಿದ್ರೂ ಸಾಕಿತ್ತು," ಎನ್ನುವುದು ಅವರ ದಿನದ ದೂರು.

ಕೆಲಸದ ಕರಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಚಳಿಗಾಲದಲ್ಲಿ ಅವರು ಕಾವಲುಗಾರ್ತಿಯಲ್ಲ, ಆದರೂ ಬರುತ್ತಾರೆ. ಯಾಕೆ ಎಂದರೆ ಪ್ರಶ್ನೆಯೇ ವಿಚಿತ್ರವೆಂಬಂತೆ ನೋಡುತ್ತಾರೆ. "ಮಳೆ ಬರೋದು ಚಳಿಗಾಲದಲ್ಲಿ. ನೀರು ಕುಡಿದು ಗೋಡೆ ಉಬ್ಬೋದು ಆವಾಗ. ಮಗೂಗೆ ಜ್ವರ ಬಂದಾಗ ಮನೇಲಿಲ್ದೆ, ಜ್ವರ ಬಿಟ್ಟ ಮೇಲೆ ಬಂದು ಕೂತ್ಕೊಳ್ಳೋಕಾಗತ್ತಾ?"

ಈ ವರ್ಷ ಮಾರ್ಚ್ ಪೂರ್ತಿ ಮಳೆ ಹುಯ್ದಿದೆ. ಹದಿನೇಳನೆಯ ಗಾಜಿನ ಹತ್ತಿರ ಗೋಡೆಗೆ ಹೊಟ್ಟೆ ಬಂದಿದೆ ಎಂದು ಅವರಿಗೆ ಫೆಬ್ರವರಿಯಿಂದಲೇ ಅನುಮಾನ. ದಾರ ಹಿಡಿದು ಅಳೆದರೆ ಒಂದು ದಿನ ಹೌದು ಅನ್ನಿಸುತ್ತದೆ, ಇನ್ನೊಂದು ದಿನ ಇಲ್ಲ ಅನ್ನಿಸುತ್ತದೆ. ಆ ಹೊಟ್ಟೆಗೆ ಹೊಂದಿಕೊಂಡೇ ಅಡುಗೆಮನೆ, ಅದರಲ್ಲಿ ಅಜ್ಜಿಯ ಒಲೆ, ಮಂಚ. ಅದರಾಚೆಗೆ ನಾಲ್ಕು ಹೆಜ್ಜೆಯಲ್ಲಿ ಬೆಟ್ಟ ಹತ್ತುವ ಮೆಟ್ಟಿಲು. ಈಸ್ಟರ್ ಕಳೆದ ಶುಕ್ರವಾರ ಮಾತೆಯ ಹಬ್ಬ. ಊರಿಗೆ ಊರೇ ಆ ಮೆಟ್ಟಿಲಲ್ಲಿ ಭುಜಕ್ಕೆ ಭುಜ ಒತ್ತಿ ಹತ್ತುತ್ತದೆ.

ಅಜ್ಜಿಯಿಂದ ಒಂದು ಬಟ್ಟಲು ಬೆಚ್ಚನೆಯ ನೀರು ಕೇಳಿ ಪಡೆದು, ಸ್ತಮಾತ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಹುಳಿ ನೀರು ಬಳಸುವಂತಿಲ್ಲ, ಕಲ್ಲು ಕರಗುತ್ತದೆ. ಕಬ್ಬಿಣ ತಾಗಿಸುವಂತಿಲ್ಲ. ಹತ್ತಿಯುಂಡೆ, ಆಲಿವ್ ಮರದ ಚಕ್ಕೆ, ತಾಳ್ಮೆ. ಕೈ ಜೋರಾದರೆ ಗಾಜು ಕೈಗೇ ಒಡೆಯುತ್ತದೆ. ಆಮೇಲೆ ಒಡೆದದ್ದು ಗೋಡೆಯೋ ಬೆರಳೋ ಎಂದು ದೇವರೇ ಹೇಳಬೇಕು.

ಹತ್ತೊಂಬತ್ತನೆಯದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಾಜು ಇಡಿಯಾಗಿದೆ. ಹದಿನೆಂಟನೆಯದು ಅರ್ಧ ಗಂಟೆ. ಅದೂ ಇಡಿ. ಅಜ್ಜಿ ಬಾಗಿಲಲ್ಲಿ ಕೂತು ಬೇಯಿಸಬೇಕಾದ ಸೊಪ್ಪು ಬಿಡಿಸುತ್ತ, ಕೆಲಸದ ಮೇಲುಸ್ತುವಾರಿ ನೋಡಿಕೊಳ್ಳುತ್ತಾಳೆ.

"ಅರವತ್ತು ವರ್ಷದಿಂದ ಈ ಗೋಡೆಗೆ ಸುಣ್ಣ ಹೊಡೀತಿದೀನಿ. ಒಂದಿನ ಕೆಮ್ಮಿಲ್ಲ ಇದು."

"ಇದು ಎರಡು ಸಾವಿರದ ಮುನ್ನೂರು ವರ್ಷದ್ದು ಅಜ್ಜಿ. ನಿನ್ ಗೋಡೆ ಅಲ್ಲ."

"ಹಂಗಾದ್ರೆ ಕಟ್ದೋರು ಬಂದು ಸುಣ್ಣ ಹೊಡೀಲಿ."

ಸ್ತಮಾತ ನಗುತ್ತಲೇ ಹದಿನೇಳರ ಕಡೆಗೆ ಸ್ಟೂಲು ಸರಿಸುತ್ತಾರೆ. ಹತ್ತಿ ಅದ್ದಿ ಹಿಂಡಿ, ಗಾಜಿನ ಮೇಲಿಡಬೇಕು ಎನ್ನುವಷ್ಟರಲ್ಲಿ ಅವರ ಕೈ ನಿಲ್ಲುತ್ತದೆ.

ಸುಣ್ಣದ ಮೇಲೆ ಒಂದು ಗೆರೆ. ಗಾಜಿನ ಮೇಲಿಂದ ಹಾದು, ಮೇಲಕ್ಕೆ ಒಂದು ಮೊಳ, ಕೆಳಕ್ಕೆ ಒಂದು ಗೇಣು. ಬಿಳಿ ಗೋಡೆಯ ಮೇಲೆ ಪೆನ್ಸಿಲಿನಿಂದ ಎಳೆದಷ್ಟು ತೆಳು. ಒಣಗಿದ ಸುಣ್ಣವೂ ಬಿರಿಯುತ್ತದೆ, ಅವರಿಗೆ ಗೊತ್ತು. ಆದರೆ ಅದು ಬತ್ತಿದ ಕೆರೆಯ ಕೆಸರಿನಂತೆ ಬಲೆಬಲೆಯಾಗಿ ಬಿರಿಯುತ್ತದೆ, ಹೀಗೆ ಒಂಟಿ ಗೆರೆಯಾಗಿ ಅಲ್ಲ. ಅಜ್ಜಿಯ ಕುಂಚ ತಗುಲಿ ಗಾಜು ಒಡೆದಿದ್ದರೆ ಸುಣ್ಣದ ನೀರು ಸೀಳಿನೊಳಗೆ ಇಳಿದು ಮುಚ್ಚಿಕೊಳ್ಳುತ್ತಿತ್ತು. ಇಲ್ಲಿ ಸುಣ್ಣವೇ ಗಾಜಿನ ಜೊತೆ ಸೀಳಿದೆ. ಅಂದರೆ ಶನಿವಾರ ಮಧ್ಯಾಹ್ನ ಬಳಿದ ಮೇಲೆ, ಇವತ್ತು ಬೆಳಗಿನ ಒಳಗೆ, ಗೋಡೆ ಅಲುಗಿದೆ. ಅಜ್ಜಿ ಪಕ್ಕದಲ್ಲಿ ಮಲಗಿದ್ದಾಗ.

"ತೊಳಿ, ಯಾಕ್ ನಿಂತೆ?" ಎನ್ನುತ್ತಾಳೆ ಅಜ್ಜಿ.

"ಇದನ್ನ ತೊಳ್ಯಲ್ಲ. ಒಡ್ದಿದೆ."

ಅಜ್ಜಿ ಎದ್ದು ಬಂದು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಾಳೆ. ಆಮೇಲೆ ಅಕ್ಕಪಕ್ಕ ಯಾರಾದರೂ ಇದ್ದಾರೋ ಎಂದು ಕತ್ತು ತಿರುಗಿಸುತ್ತಾಳೆ. "ನಿನ್ ಡಬ್ಬೀಲಿ ಬೇರೆ ಗಾಜು ಇದ್ಯಲ್ಲ?"

"ಐದಿದೆ."

"ಒಂದು ಹಚ್ಬಿಡು. ನಾನಂತೂ ಬಾಯಿ ಬಿಡಲ್ಲ. ಹಬ್ಬ ಒಂದು ಮುಗೀಲಿ."

ಆ ಕ್ಷಣ ತಮಗೆ ಆಸೆಯಾಗಲಿಲ್ಲ ಎಂದು ಸ್ತಮಾತ ಹೇಳುವುದಿಲ್ಲ. ಆಯಿತು. ಎರಡು ವರ್ಷದ ಹಿಂದಿನ ಆಗಸ್ಟ್ ಅವರಿಗೆ ನೆನಪಿದೆ. ನಾಲ್ಕನೆಯ ಗಾಜು ಒಡೆದಿದೆ ಎಂದು ಫೋನು ಮಾಡಿದ್ದರು, ಐದು ವಾರ ಬೆಟ್ಟ ಮುಚ್ಚಿತ್ತು. ಊರಿಗೆ ಹೊರಗಿನವರು ಹೆಚ್ಚಾಗಿ ಬರುವ ತಿಂಗಳೇ ಅದು. ಕೊನೆಗೆ ನೋಡಿದರೆ ಗಾಜಿನ ಅಂಚಿಗೆ ಮೇಕೆಯ ಕೂದಲು ಅಂಟಿತ್ತು. ಯಾವುದೋ ಹೋತ ಕೊಂಬು ತಿಕ್ಕಿಕೊಂಡು ಹೋಗಿತ್ತು. ಆವತ್ತಿನಿಂದ ಅವರು ಕಾಫಿ ಅಂಗಡಿಯ ಮುಂದೆ ಹೋದರೆ ಯಾರಾದರೊಬ್ಬರು ಪತ್ರಿಕೆಯ ಮರೆಯಿಂದ "ಮ್ಯಾ" ಎನ್ನುತ್ತಾರೆ. ಮೊದಮೊದಲು ಅತ್ತದ್ದೂ ಉಂಟು. ಈಗ "ಹುಲ್ಲು ಬೇಕಾ?" ಎಂದು ಕೇಳಿ ಮುಂದೆ ಹೋಗುತ್ತಾರೆ. ಆದರೆ ಒಳಗೆ ಒಂದು ಅಳುಕು ಉಳಿದಿದೆ. ಎರಡನೆಯ ಸಲವೂ ಸುಳ್ಳಾದರೆ ಮೂರನೆಯ ಸಲ ತಮ್ಮ ಮಾತನ್ನು ಯಾರು ನಂಬುತ್ತಾರೆ? ಮೂರನೆಯ ಸಲವೇ ನಿಜವಾಗಿಬಿಟ್ಟರೆ?

"ಯಾರು ನೋಡ್ತಾರೆ ಮಗಳೇ?" ಎಂದು ಅಜ್ಜಿ ಮತ್ತೆ ಕೇಳುತ್ತಾಳೆ.

"ನಾನ್ ನೋಡಿದೀನಲ್ಲ ಅಜ್ಜಿ."

ಇಲಾಖೆಯ ಎಂಜಿನಿಯರ್ ಮೆಲ್ಪೊ ಎಂಬ ಯುವತಿ. ಅವರು ಆ ಹೊತ್ತಿಗೆ ದೂರದ ದ್ವೀಪದಲ್ಲಿ ಬೇರೊಂದು ಗೋಡೆಯ ಕೆಲಸದಲ್ಲಿದ್ದಾರೆ. ಗಾಳಿ ಜೋರಾಗಿದೆ, ಹಡಗು ಬಿಟ್ಟಿಲ್ಲ. ಫೋನಿನಲ್ಲಿ ಗೆರೆಯ ಉದ್ದ, ದಿಕ್ಕು, ಸುಣ್ಣದ ವಿಷಯ ಎಲ್ಲ ಕೇಳಿಕೊಂಡು, "ಸುಣ್ಣ ಮುಟ್ಬೇಡಿ, ಹಾಗೇ ಇರ್ಲಿ," ಎನ್ನುತ್ತಾರೆ. "ಬುಧವಾರಕ್ಕೆ ಮುಂಚೆ ನನಗೆ ಬರೋಕಾಗಲ್ಲ. ಅಲ್ಲೀವರೆಗೂ ಮೆಟ್ಟಿಲು ಮುಚ್ಚಿ. ಆ ಮನೇಲಿ ಯಾರೂ ಮಲಗೋದು ಬೇಡ."

"ಖಂಡಿತ ಬೀಳತ್ತೆ ಅಂತೀರಾ?"

"ಗೊತ್ತಿಲ್ಲ ಸ್ತಮಾತ. ನೀವೇನಂತೀರಿ?"

ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವರು ಇನ್ನೊಮ್ಮೆ ಗೆರೆಯನ್ನು ನೋಡುತ್ತಾರೆ. "ಮುಚ್ತೀನಿ," ಎನ್ನುತ್ತಾರೆ.

ಮುಚ್ಚುವುದು ಸುಲಭ. ಕೆಂಪುಬಿಳಿ ಪಟ್ಟಿ ಕಟ್ಟಿದರಾಯಿತು. ಎಂಬತ್ತೊಂದು ವರ್ಷದ ಹೆಂಗಸನ್ನು ಪವಿತ್ರ ವಾರದಲ್ಲಿ ಅವಳ ಒಲೆಯ ಮುಂದಿನಿಂದ ಎಬ್ಬಿಸುವುದು ಬೇರೆಯೇ ಕೆಲಸ. ಅಜ್ಜಿ ಮೊದಲು ಕಿವಿ ಕೇಳಿಸದವಳಂತೆ ನಟಿಸುತ್ತಾಳೆ. ಆಮೇಲೆ ಸಿಟ್ಟಾಗುತ್ತಾಳೆ.

"ಗುರುವಾರ ಮೊಟ್ಟೆಗೆ ಬಣ್ಣ ಹಾಕ್ಬೇಕು. ಎಲ್ಲಿ ಹಾಕ್ಲಿ, ಬೀದೀಲಾ?"

"ನಮ್ಮನೇಲಿ ಹಾಕು."

"ನಿಮ್ಮನೆ ಪಾತ್ರೆ ನನಗೆ ಆಗಲ್ಲ."

"ನಿನ್ ಪಾತ್ರೆ ನಾನ್ ಹೊತ್ಕೊಂಡು ಬರ್ತೀನಿ."

"ಕೋಳಿ?"

"ಕೋಳೀನೂ ಹೊತ್ಕೊಂಡು ಬರ್ತೀನಿ."

"ಮೂವತ್ತು ಕೋಳಿ ಇದಾವೆ."

"ಎಂಟು ಅಜ್ಜಿ. ದಿನಾ ನೋಡ್ತೀನಿ."

ಅಜ್ಜಿ ಮಂಚದ ಮೇಲೆ ಕೂತು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಳ್ಳುತ್ತಾಳೆ. ಈ ಮನೆಗೆ ಮದುವೆಯಾಗಿ ಬಂದವಳು. ಗಂಡನನ್ನು ಈ ಬಾಗಿಲಿನಿಂದಲೇ ಹೊತ್ತುಕೊಂಡು ಹೋಗಿದ್ದು. "ಒಂದ್ಸಲ ಹೊರಗಡೆ ಹೋದ್ರೆ ನೀವು ನನ್ನ ಮತ್ತೆ ಒಳಗೆ ಬಿಡಲ್ಲ," ಎನ್ನುತ್ತಾಳೆ. ಸುಳ್ಳು ಹೇಳಲು ಸ್ತಮಾತರಿಗೆ ಬಾಯಿ ಬರುವುದಿಲ್ಲ. ನೆಲದ ಮೇಲೆ ಕೂತು ಅಜ್ಜಿಯ ಕಾಲಿಗೆ ಚಪ್ಪಲಿ ತೊಡಿಸುತ್ತಾರೆ. ಒಂದು ಕಾಲಿಗೆ ತೊಡಿಸಿಕೊಂಡ ಅಜ್ಜಿ ಇನ್ನೊಂದನ್ನು ತಾನಾಗಿ ಮುಂದಕ್ಕೆ ಚಾಚುತ್ತಾಳೆ.

ಆ ಸಂಜೆಗೆ ಸುದ್ದಿ ಊರು ತುಂಬಿದೆ. ಕಾಫಿ ಅಂಗಡಿಯ ಥ್ರಾಸೊಸ್ ಬೆಟ್ಟದ ಗುಡಿಯ ಹಬ್ಬದ ಸಮಿತಿಗೂ ಮುಖ್ಯಸ್ಥರು. ಪಟ್ಟಿಯ ಆಚೆ ನಿಂತು ಕೇಳುತ್ತಾರೆ:

"ಈ ಸಲ ಯಾವ ಮೇಕೆ, ಸ್ತಮಾತ?"

"ಈ ಸಲ ಮೇಕೆ ಅಲ್ಲ."

"ಹಬ್ಬಕ್ಕೆ ಹನ್ನೊಂದು ದಿನ ಇದೆ. ನಮ್ಮಜ್ಜನ ಕಾಲದಿಂದ ಒಂದು ವರ್ಷ ತಪ್ಪಿಲ್ಲ. ಯುದ್ಧದಲ್ಲೂ ಹತ್ತಿದಾರೆ ಜನ."

"ಯುದ್ಧದಲ್ಲಿ ಈ ಗೆರೆ ಇರ್ಲಿಲ್ಲ."

"ಒಂದು ಗಾಜಿನ ಚೂರಿಗೆ ಊರನ್ನ ಕೆಳಗೆ ನಿಲ್ಲಿಸ್ತೀಯಾ?"

ಸ್ತಮಾತ ಪಟ್ಟಿಯ ಗಂಟನ್ನು ಇನ್ನಷ್ಟು ಬಿಗಿಯುತ್ತಾರೆ. ಸೋಮವಾರವೂ ಮಂಗಳವಾರವೂ ಗಂಟೆಗೊಮ್ಮೆ ಓಣಿಗೆ ಹೋಗಿ ದೂರದಿಂದ ಆ ಗೆರೆ ನೋಡಿ ಬರುತ್ತಾರೆ. ದಪ್ಪವಾಯಿತೇ? ಇಲ್ಲ. ಆಗಬೇಕಿತ್ತೇ? ಹಾಗೆ ಬಯಸಿದ್ದಕ್ಕೆ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಗೋಡೆ ಬಿದ್ದರೆ ತಮ್ಮ ಮಾತು ನಿಜವಾಗುತ್ತದೆ. ಬೀಳದಿದ್ದರೆ ಅಜ್ಜಿಯ ಮನೆ ಉಳಿಯುತ್ತದೆ. ಎರಡರಲ್ಲಿ ಯಾವುದಕ್ಕೆ ಪ್ರಾರ್ಥಿಸುವುದು ಎಂದು ಪಾದ್ರಿ ಸೊತೀರಿಸ್ ಅವರನ್ನೇ ಕೇಳುತ್ತಾರೆ.

"ಬೀಳದೇ ಇರ್ಲಿ ಅಂತ ಪ್ರಾರ್ಥಿಸು," ಎನ್ನುತ್ತಾರೆ ಪಾದ್ರಿ, ಗಡ್ಡ ನೀವಿಕೊಂಡು. "ಬೈಸ್ಕೊಳ್ಳೋದು ನಿನಗೆ ಅಭ್ಯಾಸ ಇದೆ."

ಬುಧವಾರ ಮಧ್ಯಾಹ್ನ ಮೆಲ್ಪೊ ಬರುತ್ತಾರೆ, ಹಡಗಿನ ವಾಂತಿಗೆ ಮುಖ ಬಿಳುಚಿಕೊಂಡು. ಮರದ ಸುತ್ತಿಗೆಯಿಂದ ಗೋಡೆಯನ್ನು ಅಲ್ಲಲ್ಲಿ ಬಡಿದು ಕಿವಿಗೊಡುತ್ತಾರೆ. ಹದಿನೆಂಟರ ಬಳಿ ಗಟ್ಟಿ ಸದ್ದು. ಹದಿನೇಳರ ಸುತ್ತ, ಎರಡು ಬಾಗಿಲಗಲದಷ್ಟು ಜಾಗದಲ್ಲಿ, ಬರಿದಾದ ಪೀಪಾಯಿ ಬಡಿದಂತೆ ಟೊಳ್ಳು ಸದ್ದು. ಅಕ್ಟೋಬರಿನ ಅಳತೆಗೆ ಹೋಲಿಸಿದರೆ ಗೋಡೆ ಆರು ಮಿಲಿಮೀಟರ್ ಮುಂದೆ ಬಂದಿದೆ. ರೋಮನ್ನರ ತೇಪೆಯ ಹಿಂದೆ ಮಳೆನೀರು ಇಳಿದು, ಒಳಗಿನ ಪುಡಿಗಲ್ಲು ಜಾರಿದೆ. ಸುಣ್ಣದ ಮೇಲಿನ ಗೆರೆಯ ಫೋಟೋ ತೆಗೆಯುತ್ತ ಮೆಲ್ಪೊ, "ಗೋಡೆ ಅಲುಗಿದೆ ಅನ್ನೋದನ್ನಷ್ಟೇ ಗಾಜು ಹೇಳತ್ತೆ," ಎನ್ನುತ್ತಾರೆ. "ಎಲ್ಲಿಂದ ಎಲ್ಲೀವರೆಗೂ ಅಂತ ಹೇಳಿರೋದು ಈ ಸುಣ್ಣ."

"ಕೇಳಿಸ್ಕೊಂಡ್ಯಾ?" ಎನ್ನುತ್ತಾಳೆ ಪಟ್ಟಿಯ ಆಚೆ ನಿಂತ ಗರಿಫಾಲ್ಯ ಅಜ್ಜಿ, ಸ್ತಮಾತರ ಪಕ್ಕೆಗೆ ತಿವಿದು.

ಗುರುವಾರ ಇಡೀ ದಿನ ಮರದ ದಿಮ್ಮಿಗಳು ಬರುತ್ತವೆ. ಅಜ್ಜಿಯ ಒಲೆ ಇದ್ದಲ್ಲಿಂದ ಗೋಡೆಯ ಹೊಟ್ಟೆಗೆ ಒಂಬತ್ತು ಊರುಗೋಲು ಕೊಡುತ್ತಾರೆ. ಮಂಚವನ್ನು ಹೊರಗೆ ಹಾಕುತ್ತಾರೆ. ಅಜ್ಜಿ ಬಂದು ನೋಡುವುದಿಲ್ಲ. ಸ್ತಮಾತರ ಅಡುಗೆಮನೆಯಲ್ಲಿ ತನ್ನದೇ ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆ ಕುದಿಸಿ ಮೊಟ್ಟೆಗೆ ಬಣ್ಣ ಕಟ್ಟುತ್ತಿರುತ್ತಾಳೆ. ಅಂಗಡಿಯ ಬಣ್ಣ ಅವಳಿಗೆ ಬಣ್ಣವೇ ಅಲ್ಲ.

ಬೆಟ್ಟ ಶರತ್ಕಾಲದವರೆಗೆ ಮುಚ್ಚಿದೆ. ಹಬ್ಬ ಎಲ್ಲಿ ಎಂಬುದಕ್ಕೆ ಈಸ್ಟರ್ ಕಳೆದ ಮೇಲೂ ಜಗಳ ನಿಲ್ಲುವುದಿಲ್ಲ. ಊರ ಕೆಳಗಿನ ಚಿನಾರ್ ಮರದಡಿ ಮಾಡೋಣ ಎಂದು ಪಾದ್ರಿ ಹೇಳುತ್ತಾರೆ. ಮಾತೆಯ ಪಟ ಬೆಟ್ಟದ ಮೇಲಿದೆಯಲ್ಲ ಎಂದು ಥ್ರಾಸೊಸ್ ಹೇಳುತ್ತಾರೆ. ಪಟವಿಲ್ಲದೆ ಯಾರ ಹಬ್ಬ? ಹಬ್ಬದ ಹಿಂದಿನ ಬೆಳಗ್ಗೆ ಸ್ತಮಾತ ಮೆಲ್ಪೊ ಅವರ ಅನುಮತಿ ಪಡೆದು, ಉತ್ತರದ ಕಡೆಯ ಮೇಕೆ ಜಾಡಿನಲ್ಲಿ ಒಬ್ಬರೇ ಹತ್ತುತ್ತಾರೆ. ಬೆಳ್ಳಿ ತಗಡು ಹೊದಿಸಿದ ಪಟ ಎರಡು ವರ್ಷದ ಮಗುವಿನಷ್ಟು ಭಾರ. ಅದನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ಕೆಲವು ಕಡೆ ಕೂತು ಕೂತು ಜಾರಿ, ಎರಡು ಗಂಟೆಯಲ್ಲಿ ಇಳಿಯುತ್ತಾರೆ. ದಾರಿಯುದ್ದಕ್ಕೂ ಮಾತೆಯ ಜೊತೆ ಏನು ಮಾತಾಡಿದಿರಿ ಎಂದು ಕೇಳಿದರೆ, "ಕಾಲು ಜಾರ್ದೇ ಇರ್ಲಿ ಅಂತ ನನ್ ಕಾಲಿನ್ ಜೊತೆ ಮಾತಾಡ್ತಿದ್ದೆ," ಎನ್ನುತ್ತಾರೆ.

ಶುಕ್ರವಾರ ಚಿನಾರ್ ಮರದಡಿ ಪ್ರಾರ್ಥನೆ ಆಗುತ್ತದೆ. ಜನ ಎಂದಿಗಿಂತ ಹೆಚ್ಚೇ ಸೇರಿದ್ದಾರೆ, ಬೆಟ್ಟ ಹತ್ತಲಾರದ ಮುದುಕರೆಲ್ಲ ಈ ಸಲ ಬಂದಿದ್ದಾರೆ. ಆದರೂ ಊರಿನ ಅಸಮಾಧಾನ ಕರಗಿಲ್ಲ. ಪ್ರಸಾದದ ರೊಟ್ಟಿ ಹಂಚುವಾಗ ಕೆಲವರು ಸ್ತಮಾತರ ಮುಖ ನೋಡುವುದಿಲ್ಲ. ಗೋಡೆ ನಿಂತಿದೆಯಲ್ಲ. ಊರುಗೋಲು ಕೊಟ್ಟದ್ದಕ್ಕೆ ನಿಂತಿದೆಯೋ, ಕೊಡದಿದ್ದರೂ ನಿಲ್ಲುತ್ತಿತ್ತೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಮೆಲ್ಪೊ ಅವರನ್ನು ಕೇಳಿದರೆ, "ಆ ರಾತ್ರಿಯೇ ಬೀಳಬಹುದಿತ್ತು, ಹತ್ತು ವರ್ಷ ನಿಲ್ಲಬಹುದಿತ್ತು," ಎನ್ನುತ್ತಾರೆ. ಅಜ್ಜಿ ಮನೆಗೆ ಮರಳುವುದು ಯಾವಾಗ ಎಂಬ ಪ್ರಶ್ನೆಗೂ ಅವರ ಬಳಿ ತಾರೀಖಿಲ್ಲ. ಸ್ತಮಾತ ಅದನ್ನು ಅಜ್ಜಿಗೆ ಇನ್ನೂ ಹೇಳಿಲ್ಲ. ಹೇಳಬೇಕು. ದಿನಾ ನಾಳೆ ಎಂದುಕೊಳ್ಳುತ್ತಾರೆ.

ಅವರಿಗೆ ಏನಾದರೂ ಬೇಕೆಂದರೆ ಅದು ಒಂದೇ. ಚಳಿಗಾಲದಲ್ಲೂ ಒಬ್ಬರು ಕಾವಲಿರಲಿ. "ನನ್ನೇ ಇಟ್ಕೊಳ್ಳಿ ಅಂತ ಅಲ್ಲ. ಯಾರನ್ನಾದ್ರೂ. ಬೆಳಿಗ್ಗೆ ಬೇಗ ಏಳೋರು ಇದ್ರೆ ಸಾಕು."

ಪ್ರಾರ್ಥನೆ ಮುಗಿದು ಜನ ಚದುರುವಾಗ ಥ್ರಾಸೊಸ್ ಸ್ತಮಾತರ ಹತ್ತಿರ ಬರುತ್ತಾರೆ. ಮ್ಯಾ ಎನ್ನುವುದಿಲ್ಲ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು ನಿಲ್ಲುತ್ತಾರೆ.

"ಒಂದು ಮಾತು ನಿಜ ಹೇಳು ಸ್ತಮಾತ. ಬೀಳ್ತಿತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ದೇನೇ ಇಷ್ಟೆಲ್ಲ ಮಾಡಿಸ್ದೆ."

"ಹೂಂ."

"ಮತ್ತೆ ನಿನಗೆ ಗೊತ್ತಿರೋದಾದ್ರೂ ಏನು?"

ಸ್ತಮಾತ ಪ್ರಸಾದದ ರೊಟ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತ, ಮನೆಯ ಕಡೆ ತಿರುಗುತ್ತಾರೆ.

"ಗರಿಫಾಲ್ಯ ಅಜ್ಜಿ ನಮ್ಮನೇಲಿ ಕೂತ್ಕೊಂಡು ಮೊಟ್ಟೆ ಸುಲೀತಾ, ನನ್ ಅಡಿಗೇಲಿ ಉಪ್ಪು ಕಮ್ಮಿ ಅಂತ ಬೈತಾ ಇದಾಳೆ," ಎನ್ನುತ್ತಾರೆ. "ಅದೊಂದು ಗೊತ್ತು."